ಈ ಪ್ರಾಣಿಯ ತಲೆ ಯಾವ ಕಡೆ? ಕಲ್ಲಿನ ಮೇಲಿನ ಕಲೆ ನೋಡಿ ಇಷ್ಟೆಲ್ಲ ಹೇಗೆ ಹೇಳುತ್ತಾರೆ?

ಮಳೆಹುಳು
ನಮ್ಮ ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ. ನೀವೇ ಬಗೆಹರಿಸಬೇಕು.

ನಾನು ಚಿಕ್ಕವನಿದ್ದಾಗ ಓದಿದ ಒಂದು ಚಿತ್ರಪುಸ್ತಕ ಎಂಟು ವರ್ಷದ ಮಗಳ ಕೈಗೆ ಸಿಕ್ಕಿದೆ. ಅದರಲ್ಲಿ ಹ್ಯಾಲುಸಿಜೀನಿಯಾ ಅಂತ ಒಂದು ಪ್ರಾಣಿ. ಏಳು ಜೊತೆ ಚೂಪು ಮುಳ್ಳುಗಳನ್ನು ಊರುಗೋಲಿನ ಹಾಗೆ ಊರಿಕೊಂಡು ನಿಂತಿದೆ. ಬೆನ್ನ ಮೇಲೆ ಒಂದು ಸಾಲು ಮೆತ್ತನೆ ಕೊಳವೆಗಳು. ಒಂದು ತುದಿಗೆ ಬಲೂನಿನಂಥ ತಲೆ. ಕಣ್ಣೂ ಇಲ್ಲ, ಬಾಯೂ ಇಲ್ಲ.

ಮೊನ್ನೆ ತಂದ ಹೊಸ ಪುಸ್ತಕದಲ್ಲೂ ಅದೇ ಹೆಸರಿದೆ. ಆದರೆ ಮುಳ್ಳು ಬೆನ್ನಿಗೆ ಹೋಗಿದೆ, ಕೊಳವೆಗಳು ಕಾಲಾಗಿವೆ, ತಲೆ ಇನ್ನೊಂದು ತುದಿಗೆ ಬಂದಿದೆ. ಕಣ್ಣೂ ಹಲ್ಲೂ ಬೇರೆ ಹುಟ್ಟಿಕೊಂಡಿವೆ. ಮಗಳು ಹಳೇದೇ ಸರಿ ಅನ್ನುತ್ತಾಳೆ, ಮುಳ್ಳಿನ ಮೇಲೆ ನಡೆಯುವುದೇ ಚೆನ್ನಾಗಿದೆಯಂತೆ. ನಾನು ಹೊಸದರ ಕಡೆ.

ಕಲ್ಲಿನ ಫೋಟೊ ಹುಡುಕಿ ನೋಡಿದೆ. ಬೂದು ಕಲ್ಲಿನ ಮೇಲೆ ಕಪ್ಪು ಗೀರು, ಅಷ್ಟೇ. ನಿಜ ಹೇಳಿ, ಇಂಥ ಕಲೆ ನೋಡಿಕೊಂಡು ಕಣ್ಣು, ಹಲ್ಲು, ಕರುಳು ಅಂತೆಲ್ಲ ಹೇಳುವುದು ಮೋಡದಲ್ಲಿ ಆನೆ ಕಂಡ ಹಾಗಲ್ವಾ?

ಸುಮ್ನೆಬಂದೆ
ನೀವು ಗೆದ್ದಿರಿ. ಮಗಳಿಗೆ ಹೇಳಬೇಡಿ.

ಕಲ್ಲುಪುಟ
ಹೊಸದು ಸರಿ. ಆದರೆ ಹಳೇ ಚಿತ್ರ ಬಿಡಿಸಿದವರನ್ನು ಬೈಯುವ ಮುಂಚೆ ಪೂರ್ತಿ ಕಥೆ ಕೇಳಿ.

ಈ ಕಲ್ಲುಗಳು ಕೆನಡಾದ ಬರ್ಜೆಸ್ ಶೇಲ್‌ನವು. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಮೇಲೆ 1909ರಲ್ಲಿ ಚಾರ್ಲ್ಸ್ ವಾಲ್ಕಾಟ್ ಕಂಡುಹಿಡಿದ ಜಾಗ. ವಯಸ್ಸು ಸುಮಾರು 50.8 ಕೋಟಿ ವರ್ಷ. ವಾಲ್ಕಾಟ್ ವರ್ಷಗಟ್ಟಲೆ ಅಲ್ಲಿಗೆ ಹೋಗಿ 65,000ಕ್ಕೂ ಜಾಸ್ತಿ ಪಳೆಯುಳಿಕೆ ಹೊತ್ತು ತಂದರು. ಈ ಪ್ರಾಣಿಯನ್ನು ಒಂದು ಹುಳುವಿನ ಗುಂಪಿಗೆ ಸೇರಿಸಿ ಪಕ್ಕಕ್ಕಿಟ್ಟರು.

1977ರಲ್ಲಿ ಸೈಮನ್ ಕಾನ್ವೇ ಮೋರಿಸ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ಕಲ್ಲಿನಲ್ಲಿ ಅವರಿಗೆ ಕಂಡದ್ದು ಎರಡು ಸಾಲು ಗಟ್ಟಿ ಮುಳ್ಳು, ಒಂದೇ ಒಂದು ಸಾಲು ಮೆತ್ತನೆ ಕೊಳವೆ. ಜೋಡಿ ಜೋಡಿಯಾಗಿ ಇರುವುದು ಕಾಲಿರಬೇಕು ಅಂದುಕೊಂಡರು. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಆಮೇಲೆ ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಇದರ ನೆಂಟರು ಸಿಕ್ಕರು. ಅವು ಇದಕ್ಕಿಂತ ಸುಮಾರು ಒಂದು ಕೋಟಿ ವರ್ಷ ಹಳೆಯವು. ಅವಕ್ಕೆ ಮೆತ್ತನೆ ಕಾಲು ಜೋಡಿಯಾಗಿಯೇ ಇದ್ದವು, ಬೆನ್ನ ಮೇಲೆ ಗಟ್ಟಿ ಫಲಕಗಳಿದ್ದವು. 1991ರಲ್ಲಿ ಲಾರ್ಸ್ ರಾಮ್‌ಶೋಲ್ಡ್ ಮತ್ತು ಹೌ ಶಿಯಾನ್‌ಗುವಾಂಗ್ ನಮ್ಮ ಪ್ರಾಣಿಯನ್ನು ಮಗುಚಿ ಹಾಕಿದರು. ಹಾಗಾದರೆ ಇನ್ನೊಂದು ಸಾಲು ಕಾಲು ಎಲ್ಲಿ? ರಾಮ್‌ಶೋಲ್ಡ್ ಮೂಲ ಕಲ್ಲಿನ ಹತ್ತಿರವೇ ಹೋಗಿ ಚೂರು ಚೂರೇ ಕೆರೆದರು. ಕಾಲು ಅಲ್ಲೇ ಒಳಗೆ ಹೂತುಕೊಂಡಿತ್ತು.

ತಲೆಯ ಜಗಳ ಮುಗಿದದ್ದು 2015ರಲ್ಲಿ. ಮಾರ್ಟಿನ್ ಸ್ಮಿತ್ ಮತ್ತು ಜಾನ್-ಬರ್ನಾರ್ಡ್ ಕಾರಾನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ತೆಳ್ಳಗಿನ ತುದಿಯಲ್ಲಿ ಎರಡು ಕಣ್ಣು ಕಂಡವು. ಬಾಯಿಯ ಸುತ್ತ ಹಲ್ಲಿನ ಬಳೆ, ಗಂಟಲಲ್ಲಿ ಇನ್ನಷ್ಟು ಸೂಜಿಹಲ್ಲು. ನಿಮ್ಮ "ಬಲೂನು ತಲೆ" ಕೊಳೆಯುವಾಗ ಕರುಳಿನಿಂದ ಹೊರಗೆ ಚಿಮ್ಮಿದ ರಸದ ಕಲೆ.

ತರಲೆಸುಬ್ಬ
ಅಂದರೆ ಮುಕಳಿ ಯಾವುದು ಮುಖ ಯಾವುದು ಅಂತ ಗೊತ್ತಾಗಲು 38 ವರ್ಷ ಬೇಕಾಯಿತು. ನಮ್ಮ ಆಫೀಸಿಗಿಂತ ವಾಸಿ.

ನಿಷ್ಠುರಿ
ನೋಡಿ, ಇದನ್ನೇ ನಾನು ಹೇಳುವುದು. 1977ರಲ್ಲಿ ಖಚಿತ ಅಂದರು, 1991ರಲ್ಲಿ ಮಗುಚಿದರು, 2015ರಲ್ಲಿ ತಿರುಗಿಸಿದರು. ನಾಳೆ ಇನ್ನೊಬ್ಬರು ಬಂದು ಇದು ಪ್ರಾಣಿಯೇ ಅಲ್ಲ ಅಂದರೆ? ಕಾಗಕ್ಕ ಗುಬ್ಬಕ್ಕನ ಕಥೆಗೂ ಇದಕ್ಕೂ ಏನು ವ್ಯತ್ಯಾಸ?

ಕಲ್ಲುಪುಟ
ವ್ಯತ್ಯಾಸ ಇದೆ. ಮೂರು ಸಲವೂ ತೀರ್ಪು ಕೊಟ್ಟದ್ದು ಕಲ್ಲು. ಕಾಲು ಅಲ್ಲಿರಬೇಕು ಅಂದರು, ಕೆರೆದರೆ ಇತ್ತು. ಇಲ್ಲದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಾಗಕ್ಕನ ಮನೆಯನ್ನು ಕೆರೆದು ನೋಡಲು ಆಗುತ್ತದಾ?

ಶಂಖು
ಅದೇ ಕಾಲದ ಇನ್ನೊಂದು ಪ್ರಾಣಿ ಅನಾಮಲೋಕಾರಿಸ್ ಕಥೆ ಇದಕ್ಕಿಂತ ಮಜಾ. ಕುರುಡರು ಆನೆ ಮುಟ್ಟಿದ ಕಥೆ ನಿಜವಾಗಿ ನಡೆದದ್ದು ಅಲ್ಲಿ.

1892ರಲ್ಲಿ ಮೊದಲು ಸಿಕ್ಕಿದ್ದು ಒಂದು ಬಾಗಿದ, ಗೆಣ್ಣುಗೆಣ್ಣಿನ ತುಂಡು. ತಲೆ ಇಲ್ಲದ ಸಿಗಡಿ ಅಂದರು. ಆ ಹೆಸರಿನ ಅರ್ಥವೇ ವಿಚಿತ್ರ ಸಿಗಡಿ ಅಂತ. ಆಮೇಲೆ ನಡುವೆ ತೂತಿರುವ ದುಂಡನೆಯ ಒಂದು ತಟ್ಟೆ ಸಿಕ್ಕಿತು. ಅದಕ್ಕೆ ಪೇಟೋಯಾ ಅಂತ ಹೆಸರಿಟ್ಟು ಲೋಳೆಮೀನು ಅಂದರು. ಇನ್ನೊಂದು ಚಪ್ಪಟೆ ಮುದ್ದೆಯನ್ನು ಸಮುದ್ರಸೌತೆ ಅಂದರು. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಡ್ರಾಯರ್.

1980ರ ದಶಕದಲ್ಲಿ ಹ್ಯಾರಿ ವಿಟಿಂಗ್ಟನ್ ಒಂದು ಕಲ್ಲನ್ನು ಮೆಲ್ಲಗೆ ಬಿಡಿಸುತ್ತಾ ಹೋದರು. ನೋಡಿದರೆ ಆ ಲೋಳೆಮೀನು ಮುದ್ದೆಯ ಬಾಯಿ, ಸಿಗಡಿ ಅದರ ಮುಂಗೈ. 1985ರಲ್ಲಿ ಅವರೂ ಡೆರೆಕ್ ಬ್ರಿಗ್ಸ್ ಅವರೂ ಸೇರಿ ಪ್ರಕಟಿಸಿದರು. ಮೂರು ಪ್ರಾಣಿ ಹೋಗಿ ಒಂದು ದೊಡ್ಡ ಬೇಟೆಗಾರ ಬಂತು.

ಬೋರಲುಬಿದ್ದವ
@ಶಂಖು ಸಣ್ಣ ತಿದ್ದುಪಡಿ. ಆ ದುಂಡು ಬಾಯಿ ಮತ್ತು ಮುದ್ದೆ ಪೇಟೋಯಾ ಅನ್ನುವ ಇನ್ನೊಂದು ಪ್ರಾಣಿಯವು, ಅನಾಮಲೋಕಾರಿಸ್‌ನ ಹತ್ತಿರದ ನೆಂಟ. ಅನಾಮಲೋಕಾರಿಸ್‌ನ ಸ್ವಂತ ಬಾಯಿ ಬೇರೆ ಥರ ಇದೆ ಅಂತ 2012ರಲ್ಲಿ ತೋರಿಸಿದರು. ತುಂಡು ಜೋಡಿಸುವ ವಿಧಾನ ಸರಿ, ಒಂದಿಷ್ಟು ತುಂಡು ಪಕ್ಕದ ಮನೆಯವು.

ಶಂಖು
ಒಪ್ಪಿದೆ. ಹೇಳುವಾಗ ಮೂರನ್ನೂ ಸೇರಿಸಿಬಿಟ್ಟರೆ ಕಥೆ ಚೆನ್ನಾಗಿರುತ್ತದೆ ಅಂತ ಕೈ ತಪ್ಪುತ್ತದೆ.

ನಿಷ್ಠುರಿ
ಕಥೆ ಚೆನ್ನಾಗಿರಲಿ ಅಂತ ಕೈ ತಪ್ಪುತ್ತದೆ! ಇದನ್ನು ಫ್ರೇಮ್ ಹಾಕಿಸಬೇಕು.

ಗೂಡುಹಕ್ಕಿ
ನನಗೆ ಮೊದಲ ಪ್ರಶ್ನೆಯೇ ಅರ್ಥ ಆಗಿಲ್ಲ. ಮೂಳೆ, ಚಿಪ್ಪು ಉಳಿಯುತ್ತವೆ ಸರಿ. ಮೆತ್ತನೆ ಹುಳು 50 ಕೋಟಿ ವರ್ಷ ಹೇಗೆ ಉಳಿಯುತ್ತದೆ? ಸತ್ತ ಎರೆಹುಳು ಎರಡು ದಿನಕ್ಕೆ ಮಾಯ.

ಪಾಚಿಮೆಟ್ಟಿಲು
ಆಮ್ಲಜನಕ ಇಲ್ಲದ ಕಡೆ ಹೂತುಹೋದರೆ ಕೊಳೆಯುವುದಿಲ್ಲ. ಅಷ್ಟೇ.

ಕಲ್ಲುಪುಟ
ಅಷ್ಟೇ ಅಲ್ಲ. ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಬೇಕಾದಷ್ಟಿವೆ, ಅವೂ ಚೆನ್ನಾಗಿಯೇ ತಿನ್ನುತ್ತವೆ. ಬರ್ಜೆಸ್‌ನಲ್ಲಿ ಒಟ್ಟಿಗೆ ಹಲವು ಸಂಗತಿ ಕೂಡಿಬಂದವು. ನೀರಡಿಯ ಕೆಸರಿನ ಪ್ರವಾಹ ಪ್ರಾಣಿಗಳನ್ನು ಒಂದೇ ಏಟಿಗೆ ಮುಚ್ಚಿತು. ಆ ಕೆಸರು ತುಂಬಾ ನುಣುಪು, ನೀರು ಸರಾಗವಾಗಿ ಇಳಿಯುವುದಿಲ್ಲ. ಸ್ವಲ್ಪ ಕಾಲದಲ್ಲೇ ಮೇಲ್ಪದರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಂಡು ಮುಚ್ಚಳ ಜಡಿದ ಹಾಗಾಯಿತು. ಒಳಗಿನ ಬ್ಯಾಕ್ಟೀರಿಯಾಗಳಿಗೆ ಮೇಲಿನ ನೀರಿನಿಂದ ಬೇಕಾದ ರಾಸಾಯನಿಕ ಸಿಗಲಿಲ್ಲ, ಊಟ ಅರ್ಧಕ್ಕೇ ನಿಂತಿತು. ಉಳಿದದ್ದು ಇಂಗಾಲದ ಒಂದು ತೆಳು ಪೊರೆ. ಮುಚ್ಚಳದ ವಿವರಣೆ 2012ರಲ್ಲಿ ರಾಬರ್ಟ್ ಗೇನ್ಸ್ ತಂಡ ಕೊಟ್ಟದ್ದು. ಜೇಡಿಮಣ್ಣಿನ ಕಣಗಳೇ ಮುಖ್ಯ ಅನ್ನುವವರೂ ಇದ್ದಾರೆ.

ಹಾಗೆಯೇ ಆ ಕಾಲದಲ್ಲಿ ಕೆಸರನ್ನು ಆಳವಾಗಿ ಅಗೆದು ಕಲಕುವ ಪ್ರಾಣಿಗಳು ಕಡಿಮೆ. ಇವತ್ತಿನ ಸಮುದ್ರದ ತಳದಲ್ಲಿ ಹೂತ ಹೆಣವನ್ನು ಯಾರಾದರೂ ಅಗೆದು ತಿಂದೇ ತಿನ್ನುತ್ತಾರೆ.

ಬೋರಲುಬಿದ್ದವ
ಹಾಗಂತ ಆ ಬಾಗಿಲು ಕೇಂಬ್ರಿಯನ್‌ಗೆ, ಅಂದರೆ ಈ ಬರ್ಜೆಸ್ ಪ್ರಾಣಿಗಳ ಯುಗಕ್ಕೆ, ಮುಚ್ಚಿಹೋಯಿತು ಅಂತಲೂ ಅಲ್ಲ. ಮೊರಾಕ್ಕೊದ ಫೆಜುವಾಟಾದಲ್ಲಿ ಸುಮಾರು 48 ಕೋಟಿ ವರ್ಷದ ಇಂಥದ್ದೇ ಮೆತ್ತನೆ ಪ್ರಾಣಿಗಳಿವೆ. ಅಲ್ಲಿ ಅನಾಮಲೋಕಾರಿಸ್ ಬಳಗದ್ದೇ ಒಂದು ಸುಮಾರು ಎರಡು ಮೀಟರ್ ಉದ್ದದ್ದು ಸಿಕ್ಕಿತು, ನೀರು ಸೋಸಿ ತಿನ್ನುವ ಜಾತಿ. ಮುಂಚೆ ಈ ಗುಂಪು ಕೇಂಬ್ರಿಯನ್ ಜೊತೆಗೇ ಮುಗಿಯಿತು ಅನ್ನುತ್ತಿದ್ದರು. ಮೆತ್ತನೆ ದೇಹ ಉಳಿಯುವಂಥ ಜಾಗ ಸಿಕ್ಕಿರಲಿಲ್ಲ, ಅದಕ್ಕೆ ಪ್ರಾಣಿಯೇ ಇರಲಿಲ್ಲ ಅಂದುಕೊಂಡರು.

ನೀಲಾಂಜನ
ಇಲ್ಲಿ ಯಾರೂ ಕೊಳೆಯುವಿಕೆಯ ಪ್ರಯೋಗದ ಬಗ್ಗೆ ಹೇಳಿಲ್ಲವಲ್ಲ! ಮೂಲ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ರಾಬ್ ಸಾನ್ಸಮ್, ಸಾರಾ ಗ್ಯಾಬಟ್, ಮಾರ್ಕ್ ಪರ್ನೆಲ್ ಅಂತ ಮೂವರು. ಲ್ಯಾಂಪ್ರೆ ಅನ್ನುವ ದವಡೆಯಿಲ್ಲದ ಮೀನಿನ ಮರಿಗಳನ್ನೂ ಆಂಫಿಯಾಕ್ಸಸ್ ಅನ್ನುವ ಮೀನಿನಂಥ ಪುಟ್ಟ ಪ್ರಾಣಿಗಳನ್ನೂ ಡಬ್ಬಿಯಲ್ಲಿಟ್ಟು ಕೊಳೆಯಲು ಬಿಟ್ಟರು. ತಿಂಗಳುಗಟ್ಟಲೆ. ಯಾವ ಅಂಗ ಯಾವಾಗ ಮಾಯವಾಗುತ್ತದೆ ಅಂತ ಬರೆದುಕೊಂಡರು. 2010ರಲ್ಲಿ ಪ್ರಕಟವಾಯಿತು.

ಕಂಡದ್ದು ಏನು ಅಂದರೆ, ಒಂದು ಪ್ರಾಣಿ ತನ್ನ ವಂಶದಲ್ಲಿ ಹೊಸದಾಗಿ ಪಡೆದ ಗುರುತುಗಳೇ ಮೊದಲು ಕೊಳೆಯುತ್ತವೆ. ಹಳೇ ಕಾಲದಿಂದ ಎಲ್ಲರಿಗೂ ಇರುವ ಬೆನ್ನೆಲುಬಿನಂಥ ಕೋಲು, ಸ್ನಾಯುಗಳ ಪಟ್ಟಿ ಇವು ಕೊನೆಯ ತನಕ ಇರುತ್ತವೆ. ಅಂದರೆ ಅರ್ಧ ಕೊಳೆತ ಮೀನು ಕಲ್ಲಾದರೆ ಮೀನಿನ ಹಾಗೆ ಕಾಣುವುದೇ ಇಲ್ಲ, ಅದರ ಅಜ್ಜನ ಅಜ್ಜನ ಹಾಗೆ ಕಾಣುತ್ತದೆ. ಈ ಅಂಗ ಇಲ್ಲ, ಅದಕ್ಕೆ ಇದು ತುಂಬಾ ಹಳೇ ಥರದ್ದು ಅನ್ನುವ ಹಾಗಿಲ್ಲ. ಆ ಅಂಗ ಕಲ್ಲಾಗುವ ಮೊದಲೇ ಹೋಗಿರಬಹುದು.

ತರಲೆಸುಬ್ಬ
ತಿಂಗಳುಗಟ್ಟಲೆ ಕೊಳೆತ ಮೀನು ಮೂಸಿದವರಿಗೆ ಡಾಕ್ಟರೇಟ್ ಕಡಿಮೆಯೇ ಆಯಿತು.

ಗೂಡುಹಕ್ಕಿ
ನಗಬೇಡಿ, ನಾನು ಹನ್ನೆರಡನೇ ವಯಸ್ಸಿನಲ್ಲಿ ಇದನ್ನು ಮಾಡಿದ್ದೇನೆ. ತೊಟ್ಟಿಯಲ್ಲಿ ಸತ್ತ ಬಣ್ಣದ ಮೀನನ್ನು ನೀರು ತುಂಬಿದ ಗಾಜಿನ ಜಾಡಿಯಲ್ಲಿಟ್ಟು ಮಹಡಿಗೆ ಒಯ್ದೆ. ಅಸ್ಥಿಪಂಜರ ಬೇಕಿತ್ತು. ಮೂರನೇ ದಿನಕ್ಕೆ ಹೊಟ್ಟೆ ಉಬ್ಬಿ ಬೋರಲಾಗಿ ಮೇಲಕ್ಕೆ ತೇಲಿತು. ಆಮೇಲೆ ಹೊಟ್ಟೆ ಒಡೆದು ಕಂದು ಬಣ್ಣದ ಏನೋ ಹೊರಗೆ ಬಂತು, ನೀರೆಲ್ಲ ಮಂಕಾಯಿತು. ಬಣ್ಣ ಹೋಯಿತು, ರೆಕ್ಕೆ ಹೋಯಿತು. ಎರಡು ಕಪ್ಪು ಕಣ್ಣು ಮಾತ್ರ ನನ್ನನ್ನೇ ನೋಡುತ್ತಾ ಉಳಿದವು. ಹತ್ತನೇ ದಿನ ಅಮ್ಮ ಜಾಡಿ ಸಮೇತ ಎಸೆದರು.

ಈಗ ಆ ಬಲೂನು ತಲೆಯ ವಿಷಯ ಓದಿದಾಗ ಆ ಕಂದು ರಸ ನೆನಪಾಯಿತು. ಸರಿಯಾಗಿಯೇ ಇದೆ.

ನೀಲಾಂಜನ
@ಗೂಡುಹಕ್ಕಿ ಕಣ್ಣು ಉಳಿದದ್ದು ಸುಮ್ಮನೆ ಅಲ್ಲ. ಕಣ್ಣಿನ ಕಪ್ಪು ಮೆಲನಿನ್‌ನದ್ದು, ಅದು ಬೇಗ ಕೊಳೆಯುವುದಿಲ್ಲ. ಪಳೆಯುಳಿಕೆಗಳಲ್ಲೂ ಕಣ್ಣು ಜೋಡಿ ಕಪ್ಪು ಚುಕ್ಕೆಯಾಗಿ ಉಳಿಯುವುದು ಇದರಿಂದಲೇ. ಆಸ್ಟ್ರೇಲಿಯಾದ ಎಮು ಬೇ ಶೇಲ್‌ನಲ್ಲಿ ಇದಕ್ಕಿಂತ ದೊಡ್ಡದು ಸಿಕ್ಕಿದೆ. ಅನಾಮಲೋಕಾರಿಸ್‌ನದು ಅಂತ ಹೇಳಿದ ಎರಡು-ಮೂರು ಸೆಂಟಿಮೀಟರ್ ಅಗಲದ ಸಂಯುಕ್ತ ಕಣ್ಣುಗಳು. ಒಂದೊಂದರಲ್ಲೂ ಕನಿಷ್ಠ 16,000 ಮಸೂರ. 2011ರಲ್ಲಿ ಪ್ರಕಟವಾದದ್ದು. ಮಸೂರಗಳ ಜೇನುಗೂಡಿನಂಥ ಸಾಲು ಕಲ್ಲಿನಲ್ಲಿ ಎಣಿಸುವ ಹಾಗಿದೆ. ಇದು ಮೋಡದಲ್ಲಿ ಆನೆ ಅಲ್ಲ.

ಮಳೆಹುಳು
ಇದು ನನಗೆ ಗೊತ್ತೇ ಇರಲಿಲ್ಲ. 16,000! ಆದರೂ ಒಂದು ಅನುಮಾನ. ಪ್ರಾಣಿ ಹಾಳೆಯಷ್ಟು ಚಪ್ಪಟೆ ಆಗಿದೆ. ಅದರಿಂದ ದುಂಡನೆಯ ದೇಹ ಹೇಗೆ ಕಟ್ಟುತ್ತಾರೆ?

ಕಲ್ಲುಪುಟ
ಕೆಸರಿನ ಪ್ರವಾಹ ಪ್ರಾಣಿಗಳನ್ನು ಎತ್ತಿ ಎಸೆಯುತ್ತದೆ. ಒಂದು ಮಗ್ಗುಲಾಗಿ ಬೀಳುತ್ತದೆ, ಇನ್ನೊಂದು ಅಂಗಾತ, ಮತ್ತೊಂದು ಓರೆಯಾಗಿ. ಒಂದೇ ಜಾತಿಯ ಪ್ರಾಣಿ ಹತ್ತು ಕೋನದಲ್ಲಿ ಚಪ್ಪಟೆಯಾಗಿ ಸಿಗುತ್ತದೆ. ಹತ್ತು ಕಡೆಯಿಂದ ಬಿದ್ದ ನೆರಳು ಸಿಕ್ಕರೆ ವಸ್ತುವಿನ ಆಕಾರ ಗೊತ್ತಾಗುತ್ತದೆ ಅಲ್ವಾ? ವಿಟಿಂಗ್ಟನ್ ಮಾಡಿದ್ದು ಇದನ್ನೇ.

ಪೂರ್ತಿ ಚಪ್ಪಟೆ ಅನ್ನುವುದೂ ತಪ್ಪು. ಕಾಲು ಒಂದು ಪದರದಲ್ಲಿ, ಬೆನ್ನ ಕವಚ ಅದರ ಮೇಲಿನ ಪದರದಲ್ಲಿ ಇರುತ್ತದೆ, ನಡುವೆ ಕೂದಲೆಳೆಯಷ್ಟು ಕೆಸರು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಡ್ರಿಲ್ ಹಿಡಿದು ಕವಚವನ್ನು ಎತ್ತಿದರೆ ಕೆಳಗೆ ಕಾಲು. ಕಲ್ಲು ಸೀಳಿದಾಗ ಪ್ರಾಣಿಯ ಅರ್ಧ ಒಂದು ಹೋಳಿಗೆ, ಇನ್ನರ್ಧ ಮತ್ತೊಂದಕ್ಕೆ ಅಂಟಿಕೊಳ್ಳುತ್ತದೆ. ಎರಡೂ ಹೋಳು ಬೇಕು. ಫೋಟೊ ತೆಗೆಯುವುದೂ ಒಂದು ಕಸುಬು. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಕಲ್ಲನ್ನು ನೀರಿನಲ್ಲಿ ಮುಳುಗಿಸಿ ಬೆಳಕನ್ನು ಓರೆ ಮಾಡಿದರೆ ಕಪ್ಪು ಗೀರು ಬೆಳ್ಳಿಯ ಹಾಗೆ ಹೊಳೆಯುತ್ತದೆ. ನೀವು ನೋಡಿದ ಫೋಟೊ ಒಣಕಲ್ಲಿನದ್ದಿರಬೇಕು.

ಹೀಗೆ ಬಿಡಿಸಿ ಬಿಡಿಸಿ 1972ರಲ್ಲಿ ವಿಟಿಂಗ್ಟನ್ ಆಕ್ಸ್‌ಫರ್ಡ್‌ನ ಒಂದು ಸಭೆಯಲ್ಲಿ ಓಪಬಿನಿಯಾ ಅನ್ನುವ ಬರ್ಜೆಸ್ ಪ್ರಾಣಿಯ ಚಿತ್ರ ತೋರಿಸಿದರು. ಐದು ಕಣ್ಣು, ಮುಂದೆ ಸೊಂಡಿಲು, ಸೊಂಡಿಲ ತುದಿಗೆ ಇಕ್ಕಳ. ಸಭೆಯವರೆಲ್ಲ ನಕ್ಕರು. ಚಿತ್ರ ಇವತ್ತಿಗೂ ಹಾಗೇ ಇದೆ, ಐದು ಕಣ್ಣಿನಲ್ಲಿ ಒಂದೂ ಕಡಿಮೆಯಾಗಿಲ್ಲ.

ಲೆನ್ಸ್‌ಮನೆ
ಸ್ವಲ್ಪ ವಿಷಯ ಬಿಟ್ಟು. ನಾನು ಆನ್‌ಲೈನಿನಲ್ಲಿ ಒಂದು ಟ್ರೈಲೊಬೈಟ್ (ಅಳಿದುಹೋದ, ಗಟ್ಟಿ ಕವಚದ ಸಮುದ್ರಪ್ರಾಣಿ) ಪಳೆಯುಳಿಕೆ ತರಿಸಿದ್ದೆ. ಮುಳ್ಳುಮುಳ್ಳಿನದು, ನೋಡಲು ಅದ್ಭುತ. ಆರು ತಿಂಗಳು ಬಂದವರಿಗೆಲ್ಲ ತೋರಿಸಿದೆ. ಒಂದು ದಿನ ಹೊಸ ಭೂತಕನ್ನಡಿ ಬಂತು ಅಂತ ಸುಮ್ನೆ ಅದನ್ನೇ ನೋಡಿದೆ. ಕಣ್ಣಿನ ಪಕ್ಕ ಸೂಜಿಮೊನೆಯಷ್ಟು ದುಂಡು ತೂತುಗಳು. ಅಚ್ಚಿಗೆ ಸುರಿದ ರೆಸಿನ್‌ನ ಗಾಳಿಗುಳ್ಳೆ! ಬುಡದ ಕಲ್ಲು ಮಾತ್ರ ನಿಜವಾದದ್ದು. ಮಾರಿದವನಿಗೆ ಬರೆದರೆ ಉತ್ತರವೇ ಇಲ್ಲ.

ಸುಮ್ನೆಬಂದೆ
ಕಲ್ಲು ಅಸಲಿ, ಪ್ರಾಣಿ ನಕಲಿ. ಅಸಾಧಾರಣವಾಗಿ ಸಂರಕ್ಷಿತ ಮೋಸ.

ಪಾಚಿಮೆಟ್ಟಿಲು
ನಿಜವಾದ ಚೆಂದದ ಟ್ರೈಲೊಬೈಟ್ ನೋಡಬೇಕಾದರೆ 2024ರ ಮೊರಾಕ್ಕೊದ್ದು ನೋಡಿ. ಜ್ವಾಲಾಮುಖಿಯ ಬಿಸಿ ಬೂದಿ ಸಮುದ್ರದೊಳಗೆ ನುಗ್ಗಿ ಬದುಕಿದ್ದ ಹಾಗೇ ಮುಚ್ಚಿದೆ. 50 ಕೋಟಿ ವರ್ಷಕ್ಕೂ ಹಳೆಯದು, ಒಂಚೂರೂ ಚಪ್ಪಟೆಯಾಗಿಲ್ಲ. ಬಾಯಿಯ ಸುತ್ತಲ ಪುಟ್ಟ ಕಾಲುಗಳು, ಮೇಲ್ತುಟಿಯಂಥ ಮೆತ್ತನೆ ಭಾಗ ಎಲ್ಲ ಇದೆ. ಇನ್ನೂರು ವರ್ಷದಿಂದ ಟ್ರೈಲೊಬೈಟ್ ಓದುತ್ತಿದ್ದಾರೆ, ಆ ತುಟಿಯನ್ನು ಕಂಡದ್ದು ಈಗ.

ಶಂಖು
ಬೂದಿ ಅಂದಾಗ ಹೆರೆಫರ್ಡ್‌ಶೈರ್ ನೆನಪಾಗುತ್ತದೆ. ಇಂಗ್ಲೆಂಡ್, ಸುಮಾರು 43 ಕೋಟಿ ವರ್ಷ. ಬೂದಿಯೊಳಗಿನ ಗುಂಡುಕಲ್ಲಿನಲ್ಲಿ ಪ್ರಾಣಿ ಇರುತ್ತದೆ, ಆದರೆ ಬಿಡಿಸಿ ತೆಗೆಯಲು ಬರುವುದಿಲ್ಲ. ಅದಕ್ಕೆ ಕಲ್ಲನ್ನು ಕೂದಲೆಳೆಗಿಂತ ತೆಳುವಾಗಿ ಉಜ್ಜುತ್ತಾರೆ, ಫೋಟೊ ತೆಗೆಯುತ್ತಾರೆ, ಮತ್ತೆ ಉಜ್ಜುತ್ತಾರೆ. ನೂರಾರು ಫೋಟೊ ಸೇರಿಸಿದರೆ ಕಂಪ್ಯೂಟರಿನಲ್ಲಿ ಪ್ರಾಣಿ ಎದ್ದು ನಿಲ್ಲುತ್ತದೆ. ಹೀಗೆ ಸಿಕ್ಕ ಒಂದು ಪುಟ್ಟ ಆಸ್ಟ್ರಕಾಡ್‌ನಲ್ಲಿ (ಸಿಗಡಿಯ ದೂರದ ನೆಂಟ, ಎರಡು ಚಿಪ್ಪಿನದು) ಗಂಡಿನ ಜನನಾಂಗ ಕೂಡ ಇತ್ತು. 2003ರಲ್ಲಿ ಅದು ಜಗತ್ತಿನ ಅತಿ ಹಳೇದು ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು.

ತರಲೆಸುಬ್ಬ
40 ಕೋಟಿ ವರ್ಷ ಮಾನ ಮುಚ್ಚಿಕೊಂಡು ಕೂತಿತ್ತು ಪಾಪ.

ಗೂಡುಹಕ್ಕಿ
ಅಂದರೆ ಪಳೆಯುಳಿಕೆಯನ್ನೇ ಪುಡಿ ಮಾಡುತ್ತಾರಾ? ಇದು ಸರಿಯಾ? 43 ಕೋಟಿ ವರ್ಷ ಉಳಿದದ್ದನ್ನು ಒಂದು ವಾರದಲ್ಲಿ ಉಜ್ಜಿ ಮುಗಿಸುವುದು?

ಶಂಖು
ಉಜ್ಜದಿದ್ದರೆ ಅದು ಒಂದು ಗುಂಡುಕಲ್ಲು, ಡ್ರಾಯರಿನಲ್ಲಿ ಇನ್ನೂ ನೂರು ವರ್ಷ ಗುಂಡುಕಲ್ಲೇ.

ಗೂಡುಹಕ್ಕಿ
ನೂರು ವರ್ಷದ ನಂತರದವರ ಹತ್ತಿರ ಒಳ್ಳೇ ಯಂತ್ರ ಇರಬಹುದಲ್ಲ! ಒಂದಿಷ್ಟಾದರೂ ಅವರಿಗೆ ಬಿಡಬೇಕು.

ನೀಲಾಂಜನ
ಯಂತ್ರ ಈಗಲೇ ಇದೆ, ಸಿಂಕ್ರೊಟ್ರಾನ್, ತುಂಬಾ ಪ್ರಖರ ಎಕ್ಸ್-ರೇ ಕೊಡುವಂಥದ್ದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರಿಗೆ ಅದೇ ಸರಿ. ಎಲ್ಲ ಕಲ್ಲಿಗೂ ಆಗುವುದಿಲ್ಲ. ಪ್ರಾಣಿ ಮತ್ತು ಸುತ್ತಲ ಕಲ್ಲಿನ ಸಾಂದ್ರತೆ ಒಂದೇ ಥರ ಇದ್ದರೆ ಎಕ್ಸ್-ರೇಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಆದಾಗ ಚಮತ್ಕಾರ. ಸ್ಯಾಕೊರಿಟಸ್ ಗೊತ್ತಾ? ಒಂದು ಮಿಲಿಮೀಟರಿನ, ಚೀಲದಂಥ ಪ್ರಾಣಿ, ದೊಡ್ಡ ಬಾಯಿ, ಗುದದ್ವಾರವೇ ಇಲ್ಲ. 2017ರಲ್ಲಿ ಮನುಷ್ಯನೂ ಸೇರಿದ ಗುಂಪಿನ ಅತಿ ಹಳೇ ಪೂರ್ವಜ ಅಂದರು, ಬಾಯಿಯ ಸುತ್ತಲ ತೂತುಗಳನ್ನು ಕಿವಿರಿನ ಶುರು ಅಂದರು. 2022ರಲ್ಲಿ ಸಿಂಕ್ರೊಟ್ರಾನ್‌ನಲ್ಲಿ ನೋಡಿದರೆ ಅವು ಮುರಿದುಹೋದ ಮುಳ್ಳುಗಳ ಬುಡ. ಪ್ರಾಣಿ ನಮ್ಮ ಕಡೆಯದೇ ಅಲ್ಲ, ಕೀಟ ಮತ್ತು ದುಂಡುಹುಳುಗಳ ದೊಡ್ಡ ಬಳಗಕ್ಕೆ ಸೇರಿದ್ದು.

ತರಲೆಸುಬ್ಬ
ಐದು ವರ್ಷ ಗುದವಿಲ್ಲದ ಮುತ್ತಜ್ಜನಿಗೆ ಕೈಮುಗಿದೆವು. ವಾಪಸ್ ಕೊಡಿ.

ನಿಷ್ಠುರಿ
ನೀವೇ ನನ್ನ ಕೆಲಸ ಮಾಡುತ್ತಿದ್ದೀರಿ, ನಾನು ಸುಮ್ಮನೆ ಕೂತರೆ ಸಾಕು. ನನ್ನ ಕಡೆಯಿಂದ ಒಂದು, ಭೀಮ್‌ಬೆಟ್ಕಾ. 2021ರಲ್ಲಿ ಅಲ್ಲಿನ ಗುಹೆಯ ಗೋಡೆಯಲ್ಲಿ ಡಿಕಿನ್‌ಸೋನಿಯಾ ಸಿಕ್ಕಿತು ಅಂತ ಗ್ರೆಗರಿ ರೆಟಲಾಕ್ ಮತ್ತು ಜೊತೆಗಾರರು ಬರೆದರು. 55 ಕೋಟಿ ವರ್ಷದ ಪ್ರಾಣಿ, ಭಾರತದಲ್ಲಿ ಮೊದಲ ಸಲ ಅಂತ ಎಲ್ಲ ಕಡೆ ಸುದ್ದಿ. ಆಮೇಲೆ ಜೋ ಮೀರ್ಟ್ ತಂಡ ಹೋಗಿ ನೋಡಿದರೆ ಪಳೆಯುಳಿಕೆ ಸಿಪ್ಪೆ ಏಳುತ್ತಿತ್ತು. ಅದು ಹೆಜ್ಜೇನು ಗೂಡು ಬಿದ್ದ ಮೇಲೆ ಉಳಿದ ಮೇಣದ ಗುರುತು!

ಬೋರಲುಬಿದ್ದವ
ಸರಿಯಾದ ಉದಾಹರಣೆ, ಆದರೆ ನೀವು ಅಂದುಕೊಂಡದ್ದಕ್ಕೆ ಅಲ್ಲ. ಅಲ್ಲಿ ಇದ್ದದ್ದು ಎತ್ತರದ ಗೋಡೆಯಲ್ಲಿ ಒಂದೇ ಒಂದು ಗುರುತು. ಕಲ್ಲಿನ ಚೂರು ತೆಗೆದು ಪರೀಕ್ಷೆ ಮಾಡಿರಲಿಲ್ಲ. ಬರ್ಜೆಸ್‌ನಲ್ಲಿ ಅದೇ ಪ್ರಾಣಿ ಮತ್ತೆ ಮತ್ತೆ ಸಿಗುತ್ತದೆ, ಅದೇ ಜಾಗದಲ್ಲಿ ಅದೇ ಅಂಗ. ಒಂದು ಕಲೆಗೂ ಇನ್ನೂರು ಒಂದೇ ಥರದ ಕಲೆಗೂ ವ್ಯತ್ಯಾಸ ಇಲ್ವಾ? ಇನ್ನೊಂದು, ರೆಟಲಾಕ್ ತಪ್ಪು ಅಂತ ಒಪ್ಪಿಕೊಂಡರು. ಅದು ಸಣ್ಣ ಮಾತಲ್ಲ.

ನಿಷ್ಠುರಿ
ಒಪ್ಪಿಕೊಂಡದ್ದು ದೊಡ್ಡದು, ಸರಿ. ಇನ್ನೂರು ಕಲೆಯ ಮಾತೂ ಸರಿ. ಆದರೆ ಡಿಕಿನ್‌ಸೋನಿಯಾ ಪ್ರಾಣಿ ಅಂತಲಾದರೂ ಖಚಿತವಾ? ಬೇರೆ ಯಾರೋ ಅದನ್ನು ಕಲ್ಲುಹೂವು ಅನ್ನುತ್ತಾರೆ ಅಂತ ಓದಿದ್ದೆ.

ಬೋರಲುಬಿದ್ದವ
ಬೇರೆ ಯಾರೋ ಅಲ್ಲ, ಅದೇ ರೆಟಲಾಕ್ :) ಉಳಿದವರಲ್ಲಿ ಹೆಚ್ಚಿನವರು ಪ್ರಾಣಿ ಅನ್ನುತ್ತಾರೆ. ಅದಕ್ಕೆ ದೊಡ್ಡ ಬೆಂಬಲ ಬಂದದ್ದು 2018ರಲ್ಲಿ. ರಷ್ಯಾದ ಬಿಳಿ ಸಮುದ್ರದ ದಂಡೆಯ ಬಂಡೆಗಳಲ್ಲಿ 55.8 ಕೋಟಿ ವರ್ಷದ ಡಿಕಿನ್‌ಸೋನಿಯಾಗಳಿವೆ. ಅವುಗಳ ಮೇಲೆ ಇನ್ನೂ ಸಾವಯವ ಪೊರೆ ಉಳಿದಿತ್ತು. ಇಲ್ಯಾ ಬೊಬ್ರೊವ್‌ಸ್ಕಿ ಆ ಪೊರೆಯನ್ನು ಕಿತ್ತು ಅದರೊಳಗಿನ ಅಣುಗಳನ್ನು ಅಳೆದರು. ಪ್ರಾಣಿಯ ಗುರುತಿನ ಮೇಲೆ ಕೊಲೆಸ್ಟರಾಲ್‌ನಿಂದ ಬಂದ ಅಣುಗಳೇ ತುಂಬಿದ್ದವು. ಸುತ್ತಲ ಕಲ್ಲಿನಲ್ಲಿ ಪಾಚಿಯ ಅಣುಗಳು ಜಾಸ್ತಿ. ಇಲ್ಲಿ ಆಕಾರ ನೋಡಿ ಊಹೆ ಮಾಡುವ ಪ್ರಶ್ನೆಯೇ ಬರಲಿಲ್ಲ.

ಪಾಚಿಮೆಟ್ಟಿಲು
55 ಕೋಟಿ ವರ್ಷದ ಕೊಲೆಸ್ಟರಾಲ್. ನನ್ನ ಡಾಕ್ಟರಿಗೆ ಹೇಳಬೇಕು.

ಅಮಾವಾಸ್ಯೆ
ನಾನು ಇಷ್ಟು ಹೊತ್ತು ಓದುತ್ತಿದ್ದೆ, ಈಗ ಒಂದು ಮಾತು. ಆ ಕಾಲದ ಪಳೆಯುಳಿಕೆಗಳ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಿನಲ್ಲಿ 1956ರಲ್ಲಿ ಟೀನಾ ನೇಗಸ್ ಅನ್ನುವ ಶಾಲಾ ಹುಡುಗಿ ಬಂಡೆಯ ಮೇಲೆ ಎಲೆಯಂಥ ಅಚ್ಚು ನೋಡಿದಳು. ಟೀಚರ್‌ಗೆ ಹೇಳಿದಳು. ಅಷ್ಟು ಹಳೇ ಬಂಡೆಯಲ್ಲಿ ಪಳೆಯುಳಿಕೆ ಇರುವುದಿಲ್ಲ ಅಂತ ಉತ್ತರ ಬಂತು. ಮುಂದಿನ ವರ್ಷ ರೋಜರ್ ಮೇಸನ್ ಅನ್ನುವ ಹುಡುಗ ಅದನ್ನೇ ನೋಡಿದ. ಅವನ ತಂದೆಗೆ ಭೂವಿಜ್ಞಾನಿಯೊಬ್ಬರ ಪರಿಚಯ ಇತ್ತು, ಅವರು ಬಂದು ನೋಡಿದರು. ಅದಕ್ಕೆ ಚಾರ್ನಿಯಾ ಮೇಸೋನಿ ಅಂತ ಹೆಸರಾಯಿತು. ಹುಡುಗಿಯ ಹೆಸರು ಎಷ್ಟೋ ದಶಕಗಳ ತನಕ ಯಾರಿಗೂ ಗೊತ್ತಿರಲಿಲ್ಲ.

ನನಗೂ ಒಬ್ಬರು ಮೇಷ್ಟ್ರು ಇದ್ದರು, ಪುಸ್ತಕದಲ್ಲಿ ಇಲ್ಲದ್ದು ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಹುಡುಗಿಯ ಮುಖ ನನಗೆ ಕಣ್ಣಿಗೆ ಕಟ್ಟುತ್ತದೆ.

ಕಲ್ಲುಪುಟ
ಆ ಟೀಚರ್ ಒಬ್ಬರದೇ ತಪ್ಪಲ್ಲ, ಆಗ ಎಲ್ಲರೂ ಹಾಗೇ ನಂಬಿದ್ದರು. ರೆಗ್ ಸ್ಪ್ರಿಗ್ 1946ರಲ್ಲೇ ಆಸ್ಟ್ರೇಲಿಯಾದ ಎಡಿಯಾಕರಾ ಬೆಟ್ಟಗಳಲ್ಲಿ ಇಂಥವನ್ನು ಕಂಡಿದ್ದರು. ಆದರೆ ಆ ಬಂಡೆ ಕೇಂಬ್ರಿಯನ್‌ಗಿಂತ ಹಿಂದಿನದು ಅಂತ ಆಗ ಖಚಿತ ಇರಲಿಲ್ಲ. ಚಾರ್ನಿಯಾ ಬಂದ ಮೇಲೆ ತಕರಾರು ಮಾಡುವ ಹಾಗಿರಲಿಲ್ಲ.

ಡಾರ್ವಿನ್‌ಗೆ 1859ರಲ್ಲಿ ಇದೇ ಚಿಂತೆ ಇತ್ತು. ಟ್ರೈಲೊಬೈಟ್‌ಗಳು ಒಮ್ಮೆಲೇ ಬಂದ ಹಾಗೆ ಕಾಣುತ್ತವೆ, ಅವುಗಳ ಹಿಂದಿನವರು ಎಲ್ಲಿ ಅಂತ. ಹಿಂದಿನವರು ಮೆತ್ತಗಿದ್ದರು, ಅದಕ್ಕೇ ಕಾಣಲಿಲ್ಲ.

ಸುಮ್ನೆಬಂದೆ
ಹಾಗಾದರೆ ಥರಥರದ ಪ್ರಾಣಿಗಳು ಒಮ್ಮೆಲೇ ಬಂದವು ಅನ್ನುವ ಕೇಂಬ್ರಿಯನ್ ಸ್ಫೋಟ ಸುಳ್ಳಾ? ಚಿಪ್ಪು ಬಂದದ್ದಷ್ಟೇ ಸ್ಫೋಟವಾ?

ಕಲ್ಲುಪುಟ
ಸುಳ್ಳಲ್ಲ. ಕೆಸರಿನಲ್ಲಿ ತೆವಳಿದ, ಕೊರೆದ ಗುರುತುಗಳೂ ಸುಮಾರು 53.9 ಕೋಟಿ ವರ್ಷದ ಹಿಂದಿನಿಂದ ಬೇಗ ಬೇಗ ಸಂಕೀರ್ಣ ಆಗುತ್ತವೆ. ಅದಕ್ಕೆ ಚಿಪ್ಪಿನ ಹಂಗಿಲ್ಲ. ಆದರೆ ಒಂದು ರಾತ್ರಿಯ ಸ್ಫೋಟ ಅಲ್ಲ, ಎರಡು-ಮೂರು ಕೋಟಿ ವರ್ಷ ಹಿಡಿಯಿತು. ಚೆಂಗ್‌ಜಿಯಾಂಗ್‌ನಲ್ಲಿ 51.8 ಕೋಟಿ ವರ್ಷದ ಹಿಂದೆ ಮೀನಿನಂಥದ್ದೂ ಇದೆ, ಹೈಕೌಯಿಕ್ತಿಸ್. ಬೆರಳಗಿಂತ ಚಿಕ್ಕದು. ಚಿಪ್ಪನ್ನೇ ನಂಬಿ ಕೂತಿದ್ದರೆ ನಮ್ಮ ಕಡೆಯವರು ಆಗಲೇ ಇದ್ದರು ಅಂತ ಗೊತ್ತೇ ಆಗುತ್ತಿರಲಿಲ್ಲ.

ನಿಷ್ಠುರಿ
ನಾನು ಮುಕ್ಕಾಲು ಒಪ್ಪಿದೆ. ಮೆದುಳಿನ ವಿಷಯ ಮಾತ್ರ ಇಲ್ಲ. 2012ರಲ್ಲಿ ಫುಶಿಯಾನ್‌ಹುಯಿಯಾ ಅನ್ನುವ ಪ್ರಾಣಿಯ ಮೆದುಳು ಕಂಡಿತು ಅಂದರು. 2018ರಲ್ಲಿ ಇನ್ನೊಂದು ತಂಡ ಅದು ಬ್ಯಾಕ್ಟೀರಿಯಾದ ಪದರ ಇರಬಹುದು ಅಂದಿತು. ಮೆದುಳು ಎಲ್ಲಕ್ಕಿಂತ ಮೊದಲು ಕೊಳೆಯುವ ಅಂಗ. ಅದು ಹೇಗೆ ಉಳಿಯುತ್ತದೆ?

ನೀಲಾಂಜನ
ಆ ಒಂದು ಕಲ್ಲಿನ ಬಗ್ಗೆ ಅನುಮಾನ ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ 2024ರ ಯೂಟಿ ಯುವಾನ್‌ಶಿ ನೋಡಿ. ಗಸಗಸೆ ಕಾಳಿನಷ್ಟು ಮರಿಹುಳು, ಸುಮಾರು 52 ಕೋಟಿ ವರ್ಷದ್ದು. ಸಿಂಕ್ರೊಟ್ರಾನ್‌ನಲ್ಲಿ ಮೂರು ಆಯಾಮದಲ್ಲಿ ಮೆದುಳಿನ ಭಾಗಗಳು, ಕರುಳು, ರಕ್ತ ಹರಿಯುವ ಪೊಳ್ಳು, ಕಾಲಿಗೆ ಹೋಗುವ ನರದ ಗುರುತು ಕೂಡ ಕಂಡಿವೆ. ಮೆದುಳು ಬೇಗ ಕೊಳೆಯುತ್ತದೆ ನಿಜ. ಬೇಗ ಖನಿಜ ತುಂಬಿಕೊಂಡರೆ ಉಳಿಯುತ್ತದೆ. ಅದು ಓಟದ ಪಂದ್ಯ.

ನಿಷ್ಠುರಿ
ನೋಡುತ್ತೇನೆ. ಒಪ್ಪಿದೆ ಅಂತ ಇನ್ನೂ ಹೇಳಿಲ್ಲ.

ಬೋರಲುಬಿದ್ದವ
ಎಲ್ಲರಿಗೂ ಒಂದು ಕೊನೆ ಸುದ್ದಿ. ಬರ್ಜೆಸ್‌ನ ಪಿಕೈಯಾ ಗೊತ್ತಲ್ಲ, ನಮ್ಮ ಬೆನ್ನೆಲುಬಿನ ಬಳಗದ್ದು ಅಂತ ಪ್ರಸಿದ್ಧ. ಅದನ್ನೂ ತಲೆಕೆಳಗೆ ಬರೆಯುತ್ತಿದ್ದರು ಅಂತ 2024ರಲ್ಲಿ ಒಂದು ತಂಡ ಹೇಳಿದೆ. ಬೆನ್ನ ಮೇಲಿನ ವಿಚಿತ್ರ ಅಂಗ ಅಂತ ಇದ್ದದ್ದು ಹೊಟ್ಟೆಯ ಕಡೆಯ ಕರುಳಂತೆ.

ತರಲೆಸುಬ್ಬ
ಇನ್ನು ಮೇಲೆ ಬರ್ಜೆಸ್ ಪುಸ್ತಕಗಳನ್ನು ತಿರುಗುವ ಮೇಜಿನ ಮೇಲೆ ಮಾರಿದರೆ ಒಳ್ಳೆಯದು.

ಮಳೆಹುಳು
ಎಲ್ಲರಿಗೂ ಥ್ಯಾಂಕ್ಸ್. ಮನೆಯ ಜಗಳದ ವರದಿ ಕೊಡುತ್ತೇನೆ.

ನಾನು ಮಗಳಿಗೆ ಇದನ್ನೆಲ್ಲ ಸಣ್ಣದು ಮಾಡಿ ಹೇಳಿದೆ. ಅವಳು ಹಳೇ ಪುಸ್ತಕವನ್ನು ತಲೆಕೆಳಗೆ ಹಿಡಿದು "ಈಗ ಸರಿಯಾಯಿತಲ್ಲ" ಅಂದಳು. ಮುಳ್ಳು ಮೇಲೆ ಬಂತು, ಕೊಳವೆ ಕೆಳಗೆ ಬಂತು. ನಾನೂ ಹೂಂ ಅಂದೆ. ಸ್ವಲ್ಪ ಹೊತ್ತು ಬಿಟ್ಟು "ಇಲ್ಲ ಅಪ್ಪ, ಕಾಲು ಒಂದೇ ಸಾಲಿದೆ" ಅಂದಳು. ಪೆನ್ಸಿಲ್ ತಂದು ಇನ್ನೊಂದು ಸಾಲು ಕಾಲು ಎಳೆದಳು. ಆಮೇಲೆ ಬಲೂನು ತಲೆಯನ್ನು ರಬ್ಬರಿನಿಂದ ಉಜ್ಜಿದಳು. ಅಚ್ಚಾದ ಚಿತ್ರ ಅಲ್ವಾ, ಹೋಗಲಿಲ್ಲ, ಕಾಗದ ಹರಿಯಿತು. ಅದರ ಪಕ್ಕದಲ್ಲಿ ಬಾಣದ ಗುರುತು ಹಾಕಿ "ಇದು ಕಕ್ಕ" ಅಂತ ಬರೆದಿದ್ದಾಳೆ.

ಈಗ ಇನ್ನೊಂದು ತುದಿಗೆ ಕಣ್ಣು ಇಡಬೇಕಂತೆ. ಕಣ್ಣು ಎಷ್ಟು ದೊಡ್ಡದಿತ್ತು ಅಂತ ಕೇಳುತ್ತಿದ್ದಾಳೆ. ಕಲ್ಲುಪುಟ ಅವರೇ, ಇದ್ದೀರಾ?

ಕಲ್ಲುಪುಟ
ಇದ್ದೇನೆ. ಎರಡು ಚುಕ್ಕೆ ಸಾಕು. ಪೆನ್ಸಿಲ್ ಚೂಪು ಮಾಡಿಕೊಳ್ಳಲು ಹೇಳಿ.